ಗೋಲಿಯಂತೆ ಸುತ್ತಿಕೊಳ್ಳುವ ಸಹಸ್ರಪದಿ: ಜಾತಿ ಗುರುತಿಸುವುದು ಹೇಗೆ?

ಪ್ರಶ್ನೆ: ಮಳೆ ಶುರುವಾದ ಮೇಲೆ ಮಲೆನಾಡಿನ ನಮ್ಮ ಅಡಿಕೆ ತೋಟದ ತರಗೆಲೆ ಕೆಳಗೆ ಕಪ್ಪು-ಕಂದು ಹುಳುಗಳು ಸಿಗುತ್ತಿವೆ. ಮುಟ್ಟಿದರೆ ದೊಡ್ಡ ಗೋಲಿಯ ಹಾಗೆ ಸುತ್ತಿಕೊಳ್ಳುತ್ತವೆ. ಫೋಟೊ ಕಳಿಸಿದ್ದೇನೆ. ಇದು ‘ಆರ್ಥ್ರೋಸ್ಫೇರಾ ಮ್ಯಾಗ್ನಾ’ ಎಂದು ಒಬ್ಬರು ಹೇಳಿದರು. ಹೌದೇ? ಹೂಕುಂಡದ ಕೆಳಗೆ ಸಿಗುವ ಸಣ್ಣ ಗುಂಡುಹುಳು ದೊಡ್ಡದಾದರೆ ಹೀಗಾಗುತ್ತದೆಯೇ? ತೋಟಕ್ಕೆ ತೊಂದರೆ ಇದೆಯಾ?

ಉತ್ತರ: ಮೊದಲು ಕೊನೆಯ ಪ್ರಶ್ನೆ. ತೊಂದರೆ ಇಲ್ಲ, ದಯವಿಟ್ಟು ಔಷಧಿ ಹೊಡೆಯಬೇಡಿ. ಇದು ತಿನ್ನುವುದು ಉದುರಿ ಕೊಳೆಯುತ್ತಿರುವ ಎಲೆಯನ್ನು. ಅದರ ಹಿಕ್ಕೆ ನಿಮ್ಮ ಮಣ್ಣಿಗೆ ಗೊಬ್ಬರ.

ಇನ್ನು ಹೆಸರು. ಪಶ್ಚಿಮ ಘಟ್ಟದಲ್ಲಿ ಗೋಲಿ ಗಾತ್ರಕ್ಕೆ ಸುತ್ತಿಕೊಳ್ಳುವ ಸಹಸ್ರಪದಿ ಎಂದರೆ ಆರ್ಥ್ರೋಸ್ಫೇರಾ ಕುಲದ್ದು. ಗ್ರೀಕ್‌ನಲ್ಲಿ ‘ಆರ್ಥ್ರಾನ್’ ಎಂದರೆ ಕೀಲು, ‘ಸ್ಫೇರಾ’ ಎಂದರೆ ಗುಂಡು. ಕೀಲುಗಳಿರುವ ಗುಂಡು! ಅಷ್ಟರ ಮಟ್ಟಿಗೆ ಅವರು ಹೇಳಿದ್ದು ಸರಿ. ಆದರೆ ‘ಮ್ಯಾಗ್ನಾ’ ಎನ್ನುವುದು ಒಂದು ಪ್ರಭೇದ. 1936ರಲ್ಲಿ ಆಸ್ಟ್ರಿಯಾದ ಕಾರ್ಲ್ ಆಟೆಮ್ಸ್ ಅದನ್ನು ಹೆಸರಿಸಿದರು. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಸೇರಿ ಈ ಕುಲದಲ್ಲಿ ಮೂವತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಸುತ್ತಿಕೊಂಡ ಗುಂಡಿನ ಫೋಟೊ ನೋಡಿ ಅದರಲ್ಲಿ ಒಂದನ್ನು ಆರಿಸಲು ಆಗುವುದಿಲ್ಲ. ಬಣ್ಣ ಮೋಸ ಮಾಡುತ್ತದೆ. ಉತ್ತರ ಇರುವುದು ಹೊಟ್ಟೆಯ ಕಡೆ.

ಹಾಗಂತ ಉಗುರು ಹಾಕಿ ಬಿಡಿಸಲು ಹೋಗಬೇಡಿ. ತಲೆಯ ಹಿಂದಿನ ದೊಡ್ಡ ಗುರಾಣಿಯ ಅಂಚಿನಲ್ಲಿ ಒಂದು ತೋಡು ಇರುತ್ತದೆ. ಉಳಿದ ಹಲಗೆಗಳ ತುದಿ, ಕೊನೆಯ ಗುರಾಣಿಯ ಅಂಚು ಎಲ್ಲವೂ ಅದರಲ್ಲಿ ಬಂದು ಕೂರುತ್ತವೆ. ಡಬ್ಬಿಯ ಮುಚ್ಚಳ ಕೂತ ಹಾಗೆ. ಸುಣ್ಣದ ಅಂಶ ತುಂಬಿದ ಗಟ್ಟಿ ಚಿಪ್ಪು ಬೇರೆ. ಬಲವಂತ ಮಾಡಿದರೆ ಗಾಯವಾಗುವುದು ಅದಕ್ಕೇ. ಸುಮ್ನೆ ಒಂದು ಗಾಜಿನ ಬಟ್ಟಲಿನಲ್ಲಿ ಬಿಟ್ಟು, ಸದ್ದು ಮಾಡದೆ ಕಾಯಿರಿ. ಗುಂಡು ಒಂದು ಕೂದಲಿನಷ್ಟು ಬಾಯಿ ಬಿಡುತ್ತದೆ, ಎರಡು ಗಿಡ್ಡ ಮೀಸೆ ಹೊರಗೆ ಬಂದು ಗಾಜನ್ನು ತಟ್ಟಿ ತಟ್ಟಿ ನೋಡುತ್ತವೆ, ಆಮೇಲೆ ನಡಿಗೆ ಶುರು. ಈಗ ಬಟ್ಟಲನ್ನು ಮೇಲೆತ್ತಿ ಅಡಿಯಿಂದ ನೋಡಿ.

ಕಾಲು ಎಣಿಸಿ. ಹೂಕುಂಡದ ಗುಂಡುಹುಳುವಿಗೆ ಏಳೇ ಜೊತೆ ಕಾಲು. ಅದು ಏಡಿ, ಸೀಗಡಿಗಳ ಬಳಗದ್ದು. ಎಷ್ಟು ಬೆಳೆದರೂ ಸಹಸ್ರಪದಿ ಆಗುವುದಿಲ್ಲ. ನಿಮ್ಮದರಲ್ಲಿ ಬೆಳೆದ ಹೆಣ್ಣಿಗೆ 21 ಜೊತೆ, ಗಂಡಿಗೆ 23 ಜೊತೆ. ಮರಿಗಳಿಗೆ ಇದಕ್ಕಿಂತ ಕಡಿಮೆ. ಇದು ಸ್ಫೇರೋಥೀರಿಡ ಗಣದ ಗುರುತು. ಗ್ಲೋಮೆರಿಡ ಎಂಬ ಇನ್ನೊಂದು ಗಣದವೂ ಹೀಗೇ ಸುತ್ತಿಕೊಳ್ಳುತ್ತವೆ, ಆದರೆ ಅವು ತುಂಬಾ ಚಿಕ್ಕವು. ಅಲ್ಲಿ ಹೆಣ್ಣಿಗೆ 17, ಗಂಡಿಗೆ 19 ಜೊತೆ. ಅವುಗಳಲ್ಲಿ ವಿಷ ಸ್ರವಿಸುವ ಗ್ರಂಥಿಗಳಿರುತ್ತವೆ, ನಿಮ್ಮದರಲ್ಲಿ ಅದೂ ಇಲ್ಲ. ಗುಂಡಾಗುವುದೊಂದೇ ಅದಕ್ಕಿರುವ ರಕ್ಷಣೆ.

ಗಂಡಿನಲ್ಲಿ ಜಾಸ್ತಿ ಇರುವ ಆ ಎರಡು ಜೊತೆ ಕಾಲು ನಡೆಯಲು ಅಲ್ಲ. ಕೊನೆಯ ಗುರಾಣಿಯ ಅಡಿಯಲ್ಲಿ ಮಡಚಿಕೊಂಡಿರುತ್ತವೆ, ದಪ್ಪಗೆ, ಇಕ್ಕಳದ ಹಾಗೆ. ಇವಕ್ಕೆ ಟೆಲೋಪಾಡ್ ಎನ್ನುತ್ತಾರೆ. ಕೂಡುವಾಗ ಗಂಡು ಹೆಣ್ಣನ್ನು ಹಿಡಿಯುವುದು ಇವುಗಳಿಂದ. ಜನನಾಂಗದ ರಂಧ್ರ ಇರುವುದು ಮಾತ್ರ ಮುಂದೆ, ತಲೆಯ ಹತ್ತಿರದ ಎರಡನೇ ಜೊತೆ ಕಾಲಿನ ಬುಡದಲ್ಲಿ! ಮುಂದಿನ ಜೊತೆ ಟೆಲೋಪಾಡ್ ಮೇಲೆ ಸಣ್ಣ ಸಣ್ಣ ಏಣುಗಳಿವೆ. ಅವನ್ನು ಗುರಾಣಿಯ ಒಳಬದಿಗೆ ಉಜ್ಜಿ ಗಂಡು ಸದ್ದು ಮಾಡುತ್ತದೆ. ಹೆದರಿ ಸುತ್ತಿಕೊಂಡ ಹೆಣ್ಣು ಬಿಚ್ಚಿಕೊಳ್ಳಲಿ ಎಂದು ಈ ಸದ್ದು ಎಂಬುದು ತಜ್ಞರ ಅಭಿಪ್ರಾಯ. ಈ ಕಾಲುಗಳ ಆಕಾರ, ಏಣುಗಳ ಜೋಡಣೆ, ಹೆಣ್ಣಿನ ಜನನಾಂಗದ ಫಲಕ, ಇವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಪ್ರಭೇದ ಹೇಳುವುದು.

ಇನ್ನೊಂದು ಮಾತು ಹೇಳದೆ ಇರಲಾರೆ. ಮಡಗಾಸ್ಕರ್‌ನಲ್ಲಿ ಸ್ಫೇರೋಮಿಮಸ್ ಎಂಬ ಕುಲವಿದೆ. ಅದಕ್ಕೆ ಅಲ್ಲಿನದೇ ಜೋಸ್ಫೇರಿಯಂ ಕುಲಕ್ಕಿಂತ ನಮ್ಮ ಆರ್ಥ್ರೋಸ್ಫೇರಾ ಹತ್ತಿರದ ನೆಂಟ. ಹಾರಲು, ಈಜಲು ಬಾರದ ಈ ಜೀವಿ ಸಮುದ್ರದ ಎರಡೂ ಕಡೆ ಇರುವುದಕ್ಕೆ ಕಾರಣ, ಒಂದು ಕಾಲದಲ್ಲಿ ಭಾರತ ಮತ್ತು ಮಡಗಾಸ್ಕರ್ ಒಂದೇ ನೆಲವಾಗಿದ್ದವು. ನಿಮ್ಮ ತೋಟದ ತರಗೆಲೆ ಕೆಳಗೆ ಅಷ್ಟು ಹಳೆಯ ಕಥೆ ನಡೆದಾಡುತ್ತಿದೆ, ಅಲ್ವಾ!

ಬಟ್ಟಲಿನ ಅಡಿಯಿಂದ, ಕೊನೆಯ ಕಾಲುಗಳು ಕಾಣುವಂತೆ ಒಂದು ಫೋಟೊ ಕಳಿಸಿ. ಗಂಡೋ ಹೆಣ್ಣೋ ಎಂಬುದನ್ನು ಅಷ್ಟರಿಂದ ಹೇಳಬಹುದು. ನೋಡಿದ ಮೇಲೆ ಸಿಕ್ಕಿದ ಜಾಗದಲ್ಲೇ, ಒದ್ದೆ ಎಲೆಗಳ ಕೆಳಗೆ ಬಿಟ್ಟುಬಿಡಿ.