ರಾತ್ರಿ ಫೋಟೊಗೆ ಭಾರದ ಬ್ಯಾಗ್ ಬೇಕಾಗಿಲ್ಲ

ಪ್ರಶ್ನೆ: ನನ್ನ ಹತ್ತಿರ ಫುಲ್ ಫ್ರೇಮ್ (ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ) ಡಿಎಸ್‌ಎಲ್‌ಆರ್ ಕ್ಯಾಮೆರಾ, ಮೂರು ಲೆನ್ಸ್ ಇವೆ. ಹೊತ್ತು ಹೊತ್ತು ಭುಜ ನೋವು ಶುರುವಾಗಿದೆ. ಇದನ್ನೆಲ್ಲ ಮಾರಿ ಸಣ್ಣ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ತಗೊಂಡರೆ ರಾತ್ರಿ ಫೋಟೊ ಹಾಳಾಗುತ್ತಾ? ಜೂನ್‌ನಲ್ಲಿ ಮೈಸೂರು ಅರಮನೆಯ ದೀಪಾಲಂಕಾರ ತೆಗೆಯುವ ಆಸೆ ಇದೆ.
– ಹಾಸನದ ಓದುಗರು

ಉತ್ತರ: ಹಾಳಾಗುವುದಿಲ್ಲ, ಧೈರ್ಯವಾಗಿ ಬದಲಾಯಿಸಿ. ರಾತ್ರಿ ಫೋಟೊಗೆ ಮುಖ್ಯವಾಗಿ ಬೇಕಾದದ್ದು ಕ್ಯಾಮೆರಾ ಅಲುಗಾಡದೆ ನಿಲ್ಲುವುದು. ಅದು ನಿಂತರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100ಕ್ಕೆ ಇಳಿಸಿ, ಶಟರ್ ಎರಡು ಸೆಕೆಂಡ್ ತೆರೆದಿಡಬಹುದು. ಆಗ ಸೆನ್ಸರ್ ಚಿಕ್ಕದೋ ದೊಡ್ಡದೋ ಎನ್ನುವ ವ್ಯತ್ಯಾಸ ಅಷ್ಟಾಗಿ ಕಾಣುವುದೇ ಇಲ್ಲ. ಎಪಿಎಸ್-ಸಿ ಎನ್ನುವ ಚಿಕ್ಕ ಸೆನ್ಸರ್‌ನ ಮಿರರ್‌ಲೆಸ್‌ಗಳಲ್ಲಿ 400 ಗ್ರಾಂ ಆಸುಪಾಸು ತೂಗುವ ಬಾಡಿಗಳು (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಸಿಗುತ್ತವೆ. ಅದಕ್ಕೊಂದು ಎಫ್ 1.8 ಅಥವಾ 1.4ರ ವೈಡ್ ಪ್ರೈಮ್, ಅಂದರೆ ಜೂಮ್ ಇಲ್ಲದ, ಅಗಲ ನೋಟದ ಲೆನ್ಸ್ ಹಾಕಿಕೊಳ್ಳಿ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್‌ನ ಕಿಂಡಿ ದೊಡ್ಡದು. ಬಾಡಿ ಜೊತೆ ಬರುವ ಕಿಟ್ ಲೆನ್ಸ್‌ನ ಎಫ್ 3.5ಕ್ಕೆ ಹೋಲಿಸಿದರೆ ಎಫ್ 1.8 ಹೆಚ್ಚುಕಡಿಮೆ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಉಳಿದ ದುಡ್ಡನ್ನು ಟ್ರೈಪಾಡ್‌ಗೆ ಹಾಕಿ, ಅಲ್ಲಿ ಮಾತ್ರ ಜಿಪುಣತನ ಬೇಡ. ಅಗ್ಗದ ಪ್ಲಾಸ್ಟಿಕ್ ಟ್ರೈಪಾಡ್ ಹಗುರ ನಿಜ, ಆದರೆ ಗಾಳಿ ಬೀಸಿದರೆ ನಡುಗುತ್ತದೆ. ಒಂದು ಕಿಲೋ ಚಿಲ್ಲರೆ ತೂಗುವ ಕಾರ್ಬನ್ ಫೈಬರ್‌ನದು ನೋಡಿ, ಮಧ್ಯದ ಕಂಬ ಎತ್ತದೆ ಬಳಸಿ, ಗಾಳಿ ಜಾಸ್ತಿ ಇದ್ದರೆ ಬ್ಯಾಗನ್ನೇ ಅದಕ್ಕೆ ನೇತುಹಾಕಿ.

ಇನ್ನು ಅರಮನೆ. ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಸಂಜೆ 7ರ ಹೊತ್ತಿಗೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬುಗಳು ಒಮ್ಮೆಲೇ ಹೊತ್ತಿಕೊಳ್ಳುತ್ತವೆ, ಮುಕ್ಕಾಲು ಗಂಟೆಯೊಳಗೆ ಆರಿಬಿಡುತ್ತವೆ. ಎಲ್ಲರೂ ದಸರಾದಲ್ಲೇ ತೆಗೆಯಬೇಕು ಅಂತಾರೆ, ನಾನು ನಿಮ್ಮ ಜೂನ್ ಪರವಾಗಿಯೇ ವಾದ ಮಾಡುತ್ತೇನೆ. ಅಕ್ಟೋಬರ್‌ನಲ್ಲಿ ಆರು ಗಂಟೆ ಕಳೆಯುತ್ತಿದ್ದಂತೆ ಸೂರ್ಯ ಮುಳುಗಿರುತ್ತಾನೆ, 7ಕ್ಕೆ ದೀಪ ಹತ್ತುವಾಗ ಆಕಾಶ ಕಪ್ಪು. ಜೂನ್‌ನಲ್ಲಿ ಸೂರ್ಯ ಮುಳುಗುವುದೇ 6.45 ದಾಟಿದ ಮೇಲೆ, ಹಾಗಾಗಿ ಮೋಡ ತೆರವಾಗಿದ್ದರೆ ಮೊದಲ ಹದಿನೈದು ನಿಮಿಷ ಹಳದಿ ದೀಪದ ಹಿಂದೆ ಕಡುನೀಲಿ ಆಕಾಶ ಸಿಗುತ್ತದೆ, ಗುಮ್ಮಟದ ಅಂಚು ಬಿಡಿಸಿ ಕಾಣುತ್ತದೆ. ಮಳೆ ಬಿದ್ದು ನೆಲ ಒದ್ದೆಯಾಗಿದ್ದರೆ ಇನ್ನೂ ಒಳ್ಳೆಯದು. ಎಫ್ 8, ಐಎಸ್‌ಒ 100, ಎರಡು ಸೆಕೆಂಡ್‌ನಿಂದ ಶುರು ಮಾಡಿ. ಬಲ್ಬುಗಳು ಬೆಳ್ಳಗೆ ಸುಟ್ಟಂತೆ ಕಂಡರೆ ಸಮಯ ಇಳಿಸುತ್ತಾ ಹೋಗಿ. ಶಟರ್ ಒತ್ತುವ ಕೈಯೇ ಕ್ಯಾಮೆರಾ ಅಲುಗಿಸುತ್ತದೆ, ಅದಕ್ಕೆ 2 ಸೆಕೆಂಡ್ ಟೈಮರ್ ಇಡಿ. ಟ್ರೈಪಾಡ್ ನಿಲ್ಲಿಸುವ ಮೊದಲು ಕಾವಲಿನವರನ್ನು ಕೇಳಿ. ಬೇಡ ಅಂದರೆ, ಕಾಲು ಕಿಲೋ ಅಕ್ಕಿ ತುಂಬಿದ ಬಟ್ಟೆಚೀಲವನ್ನು ಯಾವುದಾದರೂ ಕಟ್ಟೆಯ ಮೇಲಿಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿ.

ಪ್ರಶ್ನೆ: ಆಗಸ್ಟ್‌ನಲ್ಲಿ ಲಡಾಖ್‌ಗೆ ಹೊರಟಿದ್ದೇವೆ, ಹಾನ್ಲೆಯಲ್ಲಿ ಕ್ಷೀರಪಥ ತೆಗೆಯಬೇಕು. ಏನೇನು ಒಯ್ಯಲಿ?
– ಧಾರವಾಡದ ಓದುಗರು

ಉತ್ತರ: ಒಳ್ಳೆಯ ಜಾಗ ಆರಿಸಿದ್ದೀರಿ. ಅಲ್ಲಿರುವ 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವನ್ನು (ವಿಜ್ಞಾನಿ ಚಂದ್ರಶೇಖರ್ ಹೆಸರಿನದು) ನಮ್ಮ ಹೊಸಕೋಟೆಯಿಂದಲೇ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ, ಗೊತ್ತಲ್ವಾ? ಅದರ ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲಾಕಾಶದ ಮೀಸಲು ಪ್ರದೇಶ ಅಂತ ಘೋಷಿಸಿದರು.

ಮೊದಲು ಪಂಚಾಂಗ ತೆಗೆಯಿರಿ. ಬಹುಳ ಅಷ್ಟಮಿ ಕಳೆದ ಮೇಲೆ ಅಮಾವಾಸ್ಯೆಯವರೆಗೆ, ಆಮೇಲೆ ಶುದ್ಧ ಚೌತಿಯವರೆಗೂ ಚಂದ್ರನ ಕಾಟ ಇರುವುದಿಲ್ಲ. ಆಗಸ್ಟ್‌ನಲ್ಲಿ ಕತ್ತಲಾಗುತ್ತಿದ್ದಂತೆಯೇ ಕ್ಷೀರಪಥದ ದಟ್ಟ ಭಾಗ ದಕ್ಷಿಣದಲ್ಲಿ, ಬೆಟ್ಟಗಳ ಮೇಲೆ ಸ್ವಲ್ಪ ತಗ್ಗಿನಲ್ಲೇ ಇರುತ್ತದೆ. ಶಟರ್ ಎಷ್ಟು ಹೊತ್ತು ತೆರೆದಿಡಬಹುದು ಅನ್ನುವುದಕ್ಕೆ ಒಂದು ಅಂದಾಜು ಲೆಕ್ಕವಿದೆ. 16 ಎಂಎಂ ಲೆನ್ಸ್ ಎಪಿಎಸ್-ಸಿ ಕ್ಯಾಮೆರಾದಲ್ಲಿ ಫುಲ್ ಫ್ರೇಮ್‌ನ 24 ಎಂಎಂಗೆ ಸಮ. 500ನ್ನು 24ರಿಂದ ಭಾಗಿಸಿದರೆ ಸುಮಾರು 20 ಸೆಕೆಂಡ್ ಬರುತ್ತದೆ, ಅದಕ್ಕಿಂತ ಜಾಸ್ತಿ ತೆರೆದಿಟ್ಟರೆ ಭೂಮಿ ತಿರುಗುವುದರಿಂದ ನಕ್ಷತ್ರಗಳು ಗೆರೆಯಾಗುತ್ತವೆ. ನಾನಾದರೆ 15ಕ್ಕೇ ನಿಲ್ಲಿಸುತ್ತೇನೆ. ಎಫ್ 1.8, ಐಎಸ್‌ಒ 3200, ಫೈಲ್ ರಾ (ಕ್ಯಾಮೆರಾ ತಿದ್ದದೆ ಉಳಿಸುವ ಮಾದರಿ). ಆಟೊಫೋಕಸ್ ಆಫ್ ಮಾಡಿ, ಪರದೆಯಲ್ಲಿ ಒಂದು ಹೊಳೆಯುವ ನಕ್ಷತ್ರವನ್ನು ದೊಡ್ಡದು ಮಾಡಿ, ಅದು ಅತಿ ಚಿಕ್ಕ ಚುಕ್ಕಿಯಾಗುವವರೆಗೆ ಲೆನ್ಸ್‌ನ ಫೋಕಸ್ ರಿಂಗ್ ತಿರುಗಿಸಿ.

ಚಳಿಗೆ ಬ್ಯಾಟರಿ ಬೇಗ ಕುಸಿಯುತ್ತದೆ. ಎರಡು ಎಕ್ಸ್‌ಟ್ರಾ ಬ್ಯಾಟರಿ ಒಯ್ದು ಜಾಕೆಟ್‌ನ ಒಳಜೇಬಿನಲ್ಲಿಡಿ. ವಿಮಾನದಲ್ಲಿ ಹೋಗುವುದಾದರೆ ಅವನ್ನೂ ಪವರ್ ಬ್ಯಾಂಕನ್ನೂ ಕೈಬ್ಯಾಗಿನಲ್ಲೇ ಇಡಬೇಕು, ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ. ಮಂದವಾದ ಕೆಂಪು ಟಾರ್ಚ್ ಇರಲಿ. ಬಿಳಿ ಟಾರ್ಚ್, ಕಾರಿನ ಹೆಡ್‌ಲೈಟ್ ಹಾಕಬೇಡಿ, ಪಕ್ಕದವರ ಫೋಟೊ ಕೂಡ ಕೆಡುತ್ತದೆ. ಹಾನ್ಲೆ 4,000 ಮೀಟರ್‌ಗೂ ಎತ್ತರದಲ್ಲಿದೆ. ಲೇಹ್‌ನಲ್ಲಿ ಕನಿಷ್ಠ ಎರಡು ದಿನ ಸುಮ್ನೆ ಕೂತು ಮೈ ಒಗ್ಗಿಸಿಕೊಳ್ಳದೆ ಹೊರಡಬೇಡಿ.

ಪ್ರಶ್ನೆ: ಫೋನ್ ಒಂದೇ ಇದ್ದರೆ?
– ಶಿರಸಿಯ ಓದುಗರು

ಉತ್ತರ: ಫೋನಿನ ನೈಟ್ ಮೋಡ್ ಹಲವು ಫ್ರೇಮ್ ತೆಗೆದು ಒಂದರ ಮೇಲೊಂದು ಜೋಡಿಸುತ್ತದೆ. ಕೈಯಲ್ಲಿ ಹಿಡಿದರೂ ಬೀದಿ, ದೇವಸ್ಥಾನ, ಜಾತ್ರೆ ಚೆನ್ನಾಗಿಯೇ ಬರುತ್ತವೆ. ನಕ್ಷತ್ರ ಬೇಕಿದ್ದರೆ ಫೋನ್ ಕ್ಲಾಂಪ್ ಇರುವ ಸಣ್ಣ ಟ್ರೈಪಾಡ್ ಕೊಳ್ಳಿ. ಫೋನ್ ಸ್ಥಿರವಾಗಿ ನಿಂತಿದೆ ಅಂತ ಗೊತ್ತಾದರೆ ಎಷ್ಟೋ ಫೋನುಗಳು ತಾವೇ ಸಮಯ ಹೆಚ್ಚಿಸಿಕೊಳ್ಳುತ್ತವೆ. ಡಿಜಿಟಲ್ ಜೂಮ್ ಮಾತ್ರ ಮುಟ್ಟಬೇಡಿ, ಮುಖ್ಯ ಲೆನ್ಸ್‌ನಲ್ಲೇ ತೆಗೆಯಿರಿ.