ನ್ಯೂಜೆರ್ಸಿಯ ಸಣ್ಣ ಹಿತ್ತಲಿಗೆ ಫಾಲ್ ಬಣ್ಣವೂ ಹಬ್ಬಕ್ಕೆ ಹೂವೂ ಕೊಡುವ ಗಿಡ ಯಾವುದು?

ಎಲೆ ಬಣ್ಣ ತಿರುಗುವುದೂ ಬೇಕು, ನವರಾತ್ರಿಯಿಂದ ದೀಪಾವಳಿವರೆಗೆ ಕೊಯ್ಯೋಕೆ ಹೂವೂ ಬೇಕು, ಜಾಗ ಮಾತ್ರ ಚಿಕ್ಕದು ಅಂತ ಬರೆದಿದ್ದೀರಿ. ಹಾಗಾದರೆ ಎರಡೂ ಕೆಲಸಕ್ಕೆ ಆಗುವ ಗಿಡವನ್ನೇ ಮೊದಲು ಹಾಕಿ. ನನ್ನ ಓಟು ಓಕ್‌ಲೀಫ್ ಹೈಡ್ರೇಂಜಕ್ಕೆ.

ಇದು ಅಮೆರಿಕದ ಆಗ್ನೇಯ ರಾಜ್ಯಗಳ ಕಾಡಿನ ಗಿಡ, ಅರೆನೆರಳಿಗೂ ಒಗ್ಗುತ್ತದೆ. ಬೇಸಿಗೆಯಲ್ಲಿ ಬಿಳಿ ಗೊಂಚಲು ಬಿಡುತ್ತದೆ. ಅದು ಬರಬರುತ್ತಾ ಗುಲಾಬಿಯಾಗಿ, ಆಮೇಲೆ ಕಂದಾಗುತ್ತದೆ. ಅಕ್ಟೋಬರ್ ಮಧ್ಯದಿಂದ ಅಗಲವಾದ ಎಲೆಗಳು ದ್ರಾಕ್ಷಿ ಕೆಂಪಿಗೆ ತಿರುಗುತ್ತವೆ. ಹಗಲು ಒಳ್ಳೆ ಬಿಸಿಲು, ರಾತ್ರಿ ಹೆಪ್ಪುಗಟ್ಟದಷ್ಟು ಚಳಿ ಇದ್ದ ವರ್ಷ ಈ ಕೆಂಪು ಇನ್ನೂ ಗಾಢ. ಎಳೆ ಗೊಂಚಲನ್ನು ಕೊಯ್ದರೆ ಬಾಡುತ್ತದೆ. ಮುಟ್ಟಿದರೆ ಕಾಗದದ ಹಾಗೆ ಸರಸರ ಅನ್ನುವವರೆಗೂ ಕಾಯಿರಿ. ಆಗ ಕೊಯ್ದು ಒಂದಿಂಚು ನೀರಲ್ಲಿ ನಿಲ್ಲಿಸಿ, ನೀರು ತಾನಾಗಿ ಆರಲಿ ಬಿಡಿ. ಚಳಿಗಾಲ ಪೂರ್ತಿ ಹಾಗೇ ಇರುತ್ತದೆ. ಕತ್ತರಿಸುವುದಿದ್ದರೆ ಹೂ ಮುಗಿದ ಕೂಡಲೇ ಕತ್ತರಿಸಿ. ಮುಂದಿನ ವರ್ಷದ ಹೂವು ಹಳೇ ಕೊಂಬೆಯಲ್ಲೇ ಬರೋದು. ಜಿಂಕೆಗಳಿಗೂ ಇದು ಇಷ್ಟ, ಹಾಗಾಗಿ ಮೊದಮೊದಲು ಸುತ್ತ ಜಾಲರಿ ಬೇಕೇ ಬೇಕು.

ಜಿಂಕೆ ಕಾಟ ವಿಪರೀತ ಅನ್ನೋದಾದರೆ ಅಮ್ಸೋನಿಯಾ ಹಾಕಿ. ನೂಲಿನಂಥ ಎಲೆ, ಅಕ್ಟೋಬರಿನಲ್ಲಿ ಅಚ್ಚ ಹಳದಿ. ಕಾಂಡದಲ್ಲಿ ಹಾಲು ಇರೋದರಿಂದ ಜಿಂಕೆ ಸಾಮಾನ್ಯವಾಗಿ ಮೂಸಿಯೂ ನೋಡಲ್ಲ. ಹೂದಾನಿಯಲ್ಲಿ ಹೂಗಳ ಮಧ್ಯೆ ತುಂಬೋಕೆ ಚೆನ್ನಾಗಿರುತ್ತದೆ. ಕೊಯ್ಯುವಾಗ ಕೈಗವಸು ಇರಲಿ, ಆ ಹಾಲು ಕೆಲವರಿಗೆ ತುರಿಸುತ್ತದೆ.

ಎಲ್ಲರ ಮನೆ ಮುಂದೆ ಕೆಂಡದ ಹಾಗೆ ಕಾಣುವ ಬರ್ನಿಂಗ್ ಬುಷ್ ಮಾತ್ರ ಬೇಡ. ಹಕ್ಕಿಗಳು ಬೀಜ ಒಯ್ದು, ಈ ಕಡೆಯ ಕಾಡುಗಳಿಗೆಲ್ಲ ಹಬ್ಬಿದೆ.

ಇನ್ನು ಹೂವಿಗೆ ಡೇಲಿಯಾ, ನಮ್ಮ ಶಿರಸಿ-ಸಾಗರ ಕಡೆಯ ಡೇರೆ. ಮಲೆನಾಡಿನವರಿಗೆ ಇದನ್ನು ಹೇಳಿಕೊಡೋದೇ ಬೇಡ, ಆದರೆ ಇಲ್ಲಿ ಲೆಕ್ಕ ಬೇರೆ. ಊರಲ್ಲಿ ಮಳೆಗಾಲದ ಹೂವು. ಇಲ್ಲಿ ಮೇ ತಿಂಗಳಲ್ಲಿ ಮಣ್ಣು ಬೆಚ್ಚಗಾದ ಮೇಲೆ ಗಡ್ಡೆ ನೆಟ್ಟರೆ ಸೆಪ್ಟೆಂಬರಿನಲ್ಲಿ ಭರ್ತಿ ಹೂವು, ಫ್ರಾಸ್ಟ್ (ಇಬ್ಬನಿ ಹೆಪ್ಪುಗಟ್ಟುವ ಚಳಿ) ಬೀಳುವವರೆಗೂ. ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿ, ಕವಲು ಜಾಸ್ತಿ ಬರುತ್ತದೆ. ಡೇರೆ ಮೊಗ್ಗು ಕೊಯ್ದ ಮೇಲೆ ಅರಳೋದಿಲ್ಲ. ಮುಕ್ಕಾಲು ಭಾಗ ಅರಳಿದ್ದನ್ನು ಬೆಳಗಿನ ತಂಪಲ್ಲೇ ಕತ್ತರಿಸಿ. ತಟ್ಟೆಯಗಲದ 'ಕೆಫೆ ಓ ಲೆ' ತಳಿ ನೋಡೋಕೆ ಚೆಂದ, ಬಾಳಿಕೆ ಕಮ್ಮಿ. ಹೂದಾನಿಗೆ ಚೆಂಡಿನಂತಿರುವ 'ಕಾರ್ನೆಲ್' ವಾಸಿ, ಕಡುಗೆಂಪು, ದಂಟೂ ಗಟ್ಟಿ.

ಫ್ರಾಸ್ಟಿಗೆ ಗಿಡ ಕಪ್ಪಾದ ಮೇಲೆ ದಂಟು ಗೇಣುದ್ದ ಬಿಟ್ಟು ಕತ್ತರಿಸಿ, ಗಡ್ಡೆ ಅಗೆದು, ಮಣ್ಣು ಉದುರಿಸಿ ಆರಿಸಿ. ರಟ್ಟಿನ ಪೆಟ್ಟಿಗೆಯಲ್ಲಿ ವರ್ಮಿಕ್ಯುಲೈಟ್ (ಗಿಡಗಳಿಗೆ ಬಳಸುವ ಹಗುರ ಖನಿಜದ ಚೂರು) ಹಾಕಿ ಮುಚ್ಚಿಡಿ. 4ರಿಂದ 10 ಡಿಗ್ರಿ ಸೆಲ್ಸಿಯಸ್ ಇರುವ ಜಾಗ ಬೇಕು. ಹೀಟರ್ ಪಕ್ಕ ಇಟ್ಟರೆ ಸುರುಟಿಹೋಗುತ್ತವೆ. ಮಧ್ಯೆ ಆಗಾಗ ತೆಗೆದು ನೋಡಿ, ಕೊಳೆತದ್ದನ್ನು ಬಿಸಾಡಿ.

ದೀಪಾವಳಿ ತಡವಾಗಿ ಬಂದ ವರ್ಷ ಅಷ್ಟರಲ್ಲಿ ಡೇರೆ ಮುಗಿದಿರಲೂಬಹುದು. ಅದಕ್ಕೆ 'ಶೆಫೀಲ್ಡ್ ಪಿಂಕ್' ಸೇವಂತಿಗೆ ಇಟ್ಟುಕೊಳ್ಳಿ. ಸೆಪ್ಟೆಂಬರಿನಲ್ಲಿ ಅಂಗಡಿ ಮುಂದೆ ರಾಶಿ ಹಾಕುವ ಕುಂಡದ ಸೇವಂತಿಗೆ ಬಹಳಷ್ಟು ಸಲ ಚಳಿಗಾಲ ದಾಟೋದಿಲ್ಲ. ಇದು ಪ್ರತಿ ವರ್ಷ ಬುಡದಿಂದ ಚಿಗುರುತ್ತದೆ, ಅಕ್ಟೋಬರ್ ಕೊನೆಗೆ ಅರಳುತ್ತದೆ. ಜುಲೈ ಮೊದಲ ವಾರದವರೆಗೆ ತುದಿ ಚಿವುಟುತ್ತಿರಿ, ಆಮೇಲೆ ಕೈ ಹಚ್ಚಬೇಡಿ.

ಡೇರೆ ಗಡ್ಡೆಗೆ ಜನವರಿಯಲ್ಲೇ ಆರ್ಡರ್ ಮಾಡಿ, ಒಳ್ಳೆ ತಳಿಗಳು ಬೇಗ ಖಾಲಿಯಾಗುತ್ತವೆ. ಹೈಡ್ರೇಂಜ ಮಾತ್ರ ಈ ಸೆಪ್ಟೆಂಬರಿನಲ್ಲೇ ನೆಟ್ಟುಬಿಡಿ.