ಕಿಟಕಿ ಬೆಳ್ಳಗೆ, ಒಳಗೆ ಇದ್ದಿಲು

ಪ್ರಶ್ನೆ: ಸರ್, ಕೊಡಗಿನ ಸುಂಟಿಕೊಪ್ಪದ ಹತ್ರ ನಮ್ಮ ಚಿಕ್ಕಪ್ಪನ ಕಾಫಿ ತೋಟದಲ್ಲಿ ಹಳೇ ಪಲ್ಪಿಂಗ್ ಮನೆ ಪಾಳುಬಿದ್ದಿದೆ, ಒಳಗೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಯಂತ್ರ) ತುಕ್ಕು ಹಿಡ್ದು ನಿಂತಿದೆ. ಫೋಟೋ ತೆಗೆದ್ರೆ ಕಿಟಕಿ ಬೆಳ್ಳಗೆ ಸುಟ್ಟೋಗುತ್ತೆ, ಇಲ್ಲಾಂದ್ರೆ ಒಳಗೆಲ್ಲಾ ಇದ್ದಿಲು. ಫ್ಲ್ಯಾಶ್ ಹಾಕಿದ್ರೆ ಮದುವೆ ಆಲ್ಬಮ್ ಥರ ಆಗುತ್ತೆ. ನಾಲ್ಕೈದು ಸಲ ತೆಗೆದು ಒಂದಕ್ಕೊಂದು ಸೇರಿಸೋದು ಹೇಗೆ?

ಉತ್ತರ: ಫ್ಲ್ಯಾಶ್ ಮನೇಲೇ ಬಿಟ್ಟು ಹೋಗಿ. ನಿಮ್ಮ ಕ್ಯಾಮೆರಾದ್ದೇನೂ ತಪ್ಪಿಲ್ಲ, ಹೊರಗೆ ಬಿಸಿಲಿಗೆ ಮಿಂಚೋ ಕಾಫಿ ಎಲೆಗೂ ಪಲ್ಪರ್ ಅಡಿಯ ಮೂಲೆಗೂ ಬೆಳಕಿನ ಅಂತರ ಅಷ್ಟಿದೆ. ಒಂದು ಸ್ಟಾಪ್ ಅಂದ್ರೆ ಬೆಳಕು ಎರಡರಷ್ಟು, ಹತ್ತು ಸ್ಟಾಪ್ ಅಂದ್ರೆ 1024 ಪಟ್ಟು, ಒಂದೇ ಫ್ರೇಮಿಗೆ ಅದನ್ನೆಲ್ಲ ತುರುಕೋಕೆ ಹೋದ್ರೆ ಯಾವ್ದಾದ್ರೂ ಒಂದು ಕಡೆ ಹೋಗೇ ಹೋಗುತ್ತೆ.

ಟ್ರೈಪಾಡ್ ಇಡಿ, ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ಕಂಡಿ) ಎಫ್ 8, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್). ಪಲ್ಪರ್ ಮೇಲೆ ಟಾರ್ಚ್ ಬೆಳಕು ಹಾಯಿಸಿ ಫೋಕಸ್ ಮಾಡಿ ಆಮೇಲೆ ಮ್ಯಾನುಯಲ್‌ಗೆ ಹಾಕ್ಬಿಡಿ, ವೈಟ್ ಬ್ಯಾಲೆನ್ಸೂ (ಬಣ್ಣದ ಹೊಂದಾಣಿಕೆ) ಆಟೋದಲ್ಲಿ ಬೇಡ. ಶಟರ್ ಮಾತ್ರ ಬದಲಾಯಿಸ್ತಾ 1/250, 1/30, 1/4, 2, 15 ಸೆಕೆಂಡ್ ಹೀಗೆ ಐದು ತೆಗೀರಿ. ಕಿಟಕಿ ಮೊದಲನೇದ್ರಲ್ಲಿ ಸಿಗುತ್ತೆ, ಗೋಡೆ ನಡುವಿನವುಗಳಲ್ಲಿ.

ಮರದ ಹಲಗೆ ನೆಲ ಆದ್ರೆ ಮಾತ್ರ ಹುಷಾರು. ನಾನೊಂದ್ಸಲ ಹಳೇ ಮನೆ ಅಟ್ಟದಲ್ಲಿ ಶಟರ್ ತೆರೆದಿರೋವಾಗ ತಿರುಗಾಡ್ತಿದ್ದೆ, ಕಾಲಿಟ್ಟಲ್ಲೆಲ್ಲ ಹಲಗೆ ತಗ್ಗಿ ಟ್ರೈಪಾಡೂ ಜೊತೆಗೇ ತಗ್ಗುತ್ತಿತ್ತು, ಮನೆಗೆ ಬಂದು ನೋಡಿದ್ರೆ ಒಂದು ಫ್ರೇಮ್ ಇನ್ನೊಂದರ ಮೇಲೆ ಕೂರಲ್ಲ. ನಿಂತಲ್ಲೇ ನಿಂತು ಎರಡು ಸೆಕೆಂಡ್ ಟೈಮರ್‌ನಲ್ಲಿ ತೆಗೀರಿ.

ಇನ್ನು ಪಲ್ಪರ್‌ಗೆ ಟಾರ್ಚ್ ಬೇಕೇ ಬೇಕು. ಕ್ಯಾಮೆರಾ ಪಕ್ಕದಿಂದ ಬಿಟ್ರೆ ಫ್ಲ್ಯಾಶ್ ಹಾಕಿದಂಗೇ ಚಪ್ಪಟೆ. ಕಂಬದ ಹಿಂದೆ ನಿಂತು ಅಡ್ಡಡ್ಡ ಬಿಡಿ, ಚಕ್ರದ ಮೇಲೆ ಎದ್ದಿರೋ ತುಕ್ಕಿನ ಒಂದೊಂದು ಚಕ್ಕೆಗೂ ನೆರಳು ಬೀಳುತ್ತೆ, ಅದೇ ಚಂದ. ಕೈ ಆಡಿಸ್ತಾ ಇರಿ, ಒಂದೇ ಕಡೆ ನಿಲ್ಲಿಸಿದ್ರೆ ಬಿಳಿ ಮಚ್ಚೆ ಆಗುತ್ತೆ. 30 ಸೆಕೆಂಡಿನ ಒಂದು ಫ್ರೇಮಿಗೆ ಚಕ್ರ, ಇನ್ನೊಂದಕ್ಕೆ ತೊಟ್ಟಿ, ಮತ್ತೊಂದಕ್ಕೆ ಬಾಗಿಲು, ಹೀಗೆ ಒಂದೊಂದನ್ನೇ ಬೆಳಗಿಸಿ. ಆಮೇಲೆ ಗಿಂಪ್‌ನಲ್ಲಿ, ಅದು ಫ್ರೀನೇ, ಈ ಟಾರ್ಚ್ ಫ್ರೇಮುಗಳನ್ನ ಒಂದರ ಮೇಲೊಂದು ಲೇಯರ್ ಇಟ್ಟು ಲೈಟನ್ ಮೋಡ್ ಹಾಕಿದ್ರೆ ಎಲ್ಲಿ ಯಾವ ಫ್ರೇಮ್ ಬೆಳ್ಳಗಿದೆಯೋ ಅದೇ ಉಳಿಯುತ್ತೆ. ಕಿಟಕಿ ಭಾಗ ಮಾತ್ರ ಮೊದಲಿನ 1/250ರಿಂದ, ಗೋಡೆ ಭಾಗ ನಡುವಿನ ಫ್ರೇಮಿನಿಂದ, ಮಾಸ್ಕ್ ಮಾಡಿ (ಉಳಿದದ್ದನ್ನ ಮುಚ್ಚಿ) ತನ್ನಿ.

ಕ್ಯಾಮೆರಾದಲ್ಲೇ ಇರೋ ಮಲ್ಟಿಪಲ್ ಎಕ್ಸ್‌ಪೋಶರ್ ಬೇರೆ, ಅದು ಆಡ್ ಮೋಡಲ್ಲಿದ್ರೆ ಬೆಳಕನ್ನ ಕೂಡಿಸ್ತಾ ಹೋಗುತ್ತೆ, ನಾಲ್ಕು ತೆಗೆಯೋದಾದ್ರೆ ಒಂದೊಂದನ್ನೂ ಎರಡು ಸ್ಟಾಪ್ ಕಮ್ಮಿ ತೆಗೀಬೇಕು.

ಕತ್ತಲಾಗ್ಲಿ ಅಂತ ಸಂಜೆವರೆಗೆ ಕಾಯೋದು ಬೇರೆ ಊರಲ್ಲಿ ಸರಿ, ನಮ್ಮಲ್ಲಿ ಸಂಜೆ ತೋಟಕ್ಕೆ ಆನೆ ಇಳಿಯುತ್ತೆ. ಮಧ್ಯಾಹ್ನವೇ ಮೊದಲಿನ ಐದು ಫ್ರೇಮ್ ತೆಗೆದು, ಆಮೇಲೆ ಟಾರ್ಚ್ ಫ್ರೇಮುಗಳಿಗೆ ಕಿಟಕಿಗೆ ಗೋಣಿಚೀಲ ಕಟ್ಟಿ ಕತ್ತಲೆ ಮಾಡ್ಕೊಳ್ಳಿ, ನಾಲ್ಕಕ್ಕೆಲ್ಲ ಹೊರಗೆ ಬನ್ನಿ. ಬಾವಲಿ ಇದ್ರೆ ಟಾರ್ಚ್ ಮೇಲೆ ಎತ್ಬೇಡಿ, ಹಿಕ್ಕೆ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ, ಮಾಸ್ಕ್ ಇರ್ಲಿ.

ಸೇರಿಸೋವಾಗ ಎಲ್ಲಾ ಮೂಲೆನೂ ಬೆಳಗಿಸೋ ಆಸೆ ಬರುತ್ತೆ. ಹಂಗೆ ಮಾಡಿದ್ರೆ ಪಾಳುಮನೆ ಹೋಗಿ ಫರ್ನಿಚರ್ ಅಂಗಡಿ ಆಗುತ್ತೆ. ಸೂರು ಕಪ್ಪಗೇ ಇರ್ಲಿ ಬಿಡಿ.

ಪ್ರಶ್ನೆ: ಕಕ್ಕಬ್ಬೆಯ ನಾಲ್ಕುನಾಡು ಅರಮನೇಲಿ ಇದನ್ನ ಮೊಬೈಲಲ್ಲಿ ಮಾಡ್ಬಹುದಾ?

ಉತ್ತರ: ಅದು ಕೊಡಗಿನ ರಾಜ ದೊಡ್ಡವೀರರಾಜೇಂದ್ರ 1792-94ರಲ್ಲಿ ಕಟ್ಟಿಸಿದ್ದು, ಪಾಳುಮನೆ ಲೆಕ್ಕಕ್ಕೆ ಸೇರಿಸ್ಬೇಡಿ, ಅಲ್ಲಿ ನೋಡ್ಕೊಳ್ಳೋರನ್ನ ಕೇಳಿಯೇ ಟ್ರೈಪಾಡ್ ಇಡಿ. ಗೋಡೆ ಚಿತ್ರಗಳಿವೆ, ಟಾರ್ಚ್ ಬೇಡ, ಕಿಟಕಿ ಬೆಳಕೇ ಸಾಕು. ಮೊಬೈಲಿನ ನೈಟ್ ಮೋಡ್ ತಾನೇ ಹಲವು ಫ್ರೇಮ್ ತೆಗೆದು ಸೇರಿಸುತ್ತೆ, ಆದ್ರೆ ಎಲ್ಲಿ ಎಷ್ಟು ಬೆಳಕು ಅನ್ನೋದನ್ನೂ ಅದೇ ತೀರ್ಮಾನ ಮಾಡುತ್ತೆ. ಪ್ರೋ ಮೋಡ್ ಇದ್ರೆ ಶಟರ್ ನಿಮ್ಮ ಕೈಲಿರುತ್ತೆ.